ಮೀಟರ್ ಮುಂದಿನ ಪ್ಲಾಸ್ಟಿಕ್‌ಗೆ ಗೀರು ಬಿದ್ದರೆ: ಟೂತ್‌ಪೇಸ್ಟ್ ಹಚ್ಚುವ ಮುಂಚೆ

ಕಾರಿನ ಮೀಟರ್ ಮುಂದಿರುವ ಪ್ಲಾಸ್ಟಿಕ್ ತುಂಬಾ ಗೀರು ಬಿದ್ದಿದೆ, ಬಿಸಿಲು ಬಿದ್ದಾಗ ಸ್ಪೀಡೇ ಕಾಣುವುದಿಲ್ಲ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ಹೋದರೂ ಹೋಗಬಹುದು. ಆದರೆ ಅದಕ್ಕೆ ಮುಂಚೆ ಆ ಗೀರು ಎಂಥದ್ದು ಅಂತ ನೋಡಿಕೊಳ್ಳಿ. ಈ ಕೆಲಸದಲ್ಲಿ ಕೆಡುವುದೆಲ್ಲ ಕೆಡುವುದು ನೋಡದೆ ಉಜ್ಜಲು ಶುರು ಮಾಡಿದಾಗಲೇ.

ಮೊದಲು ಒದ್ದೆ ಬೆರಳನ್ನು ಗೀರಿನ ಮೇಲೆ ಎಳೆಯಿರಿ. ನೀರು ಇರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಒಳ್ಳೆಯದೇ. ಗೀರು ಬೆಳ್ಳಗೆ ಕಾಣುವುದು ಅದರ ಒರಟು ಅಂಚುಗಳು ಬೆಳಕನ್ನು ಅತ್ತಿತ್ತ ಚೆದುರಿಸುವುದರಿಂದ. ನೀರು ಆ ಸಂದನ್ನು ತುಂಬಿದ ತಕ್ಷಣ ಬೆಳಕು ನೇರವಾಗಿ ಹಾದುಹೋಗುತ್ತದೆ. ಇಂಥ ಗೀರು ಮೇಲ್ಮೇಲಿನದು, ಪಾಲಿಶ್‌ಗೆ ಹೋಗುತ್ತದೆ. ಆಮೇಲೆ ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದಕ್ಕೆ ಎಷ್ಟು ಪಾಲಿಶ್ ಹಾಕಿದರೂ ಅಂಚು ನುಣುಪಾಗುತ್ತದೆ, ಗೆರೆ ಮಾತ್ರ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಕೆಲವು ಕಾರುಗಳಲ್ಲಿ ಈ ಪ್ಲಾಸ್ಟಿಕ್ ಬರುವಾಗಲೇ ಸ್ವಲ್ಪ ಮಂಕಾಗಿರುತ್ತದೆ. ಬೆಳಕು ಕಣ್ಣಿಗೆ ಹೊಡೆಯದಿರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಯಾರ ಕೈಯೂ ತಾಗದ ಒಂದು ಮೂಲೆಗೆ ಓರೆಯಾಗಿ ಟಾರ್ಚ್ ಬಿಡಿ. ಅಲ್ಲೂ ಮಂಕಾಗಿದ್ದರೆ ಪಾಲಿಶ್ ಹಾಕಲೇಬೇಡಿ. ಉಜ್ಜಿದ ಜಾಗ ಮಾತ್ರ ಫಳಫಳ ಹೊಳೆದು, ಗೀರಿಗಿಂತ ಜಾಸ್ತಿ ಕಣ್ಣಿಗೆ ಕುಕ್ಕುತ್ತದೆ. ನಿಮ್ಮದು ಮುಳ್ಳಿನ ಮೀಟರ್ ಅಲ್ಲದೆ ಬೆರಳು ಮುಟ್ಟಿ ನಡೆಸುವ ಸ್ಕ್ರೀನ್ ಆಗಿದ್ದರೂ ಇದೇ ಮಾತು. ಅದರ ಮೇಲಿನ ತೆಳು ಲೇಪ ಕಿತ್ತುಬರುತ್ತದೆ.

ಇನ್ನು ಟೂತ್‌ಪೇಸ್ಟ್. ಅದರಲ್ಲೂ ಉಜ್ಜುವ ಪುಡಿ ಇರುವುದು ನಿಜ. ಹಾಗಾಗಿ ತೆಳು ಗೀರಿಗೆ ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಆ ಪುಡಿ ಎಷ್ಟು ದಪ್ಪ ಅನ್ನುವುದು ಪೇಸ್ಟಿನಿಂದ ಪೇಸ್ಟಿಗೆ ಬೇರೆ. ಒಂದರಲ್ಲಿ ಗೀರು ಹೋಗುತ್ತದೆ, ಇನ್ನೊಂದರಲ್ಲಿ ಹೊಸ ಗೀರುಗಳೇ ಬರುತ್ತವೆ. ಜೊತೆಗೆ ಅಂಚಿನ ಸಂದಿಯಲ್ಲಿ ಬೆಳ್ಳಗೆ ಒಣಗಿ ಕೂತರೆ ತೆಗೆಯುವುದು ಇನ್ನೊಂದು ಪಾಡು. ಪ್ಲಾಸ್ಟಿಕ್‌ಗೆಂದೇ ಮಾಡಿದ ಪಾಲಿಶ್ ಸಿಗುತ್ತದೆ, ನಾನು ಅದನ್ನೇ ಹೇಳುವುದು. ನೋವಸ್ ಅಂತ ಒಂದಿದೆ, ಅದರಲ್ಲಿ ನಂಬರ್ 2 ಸಣ್ಣ ಗೀರಿಗೆ, ನಂಬರ್ 3 ದೊಡ್ಡ ಗೀರಿಗೆ. ಮೆಗ್ವಾಯರ್ಸ್‌ನವರ ಪ್ಲಾಸ್ಟ್‌ಎಕ್ಸ್ ಕೂಡ ಇದೇ ಕೆಲಸಕ್ಕೆ ಇರುವುದು. ಕಾರಿನ ಬಣ್ಣಕ್ಕೆ ಹಾಕುವ ರಬ್ಬಿಂಗ್ ಕಾಂಪೌಂಡ್ ಇದಕ್ಕೆ ತುಂಬಾ ಒರಟು.

ಉಜ್ಜುವ ಮುಂಚೆ ಧೂಳು ತೆಗೆಯಬೇಕು, ಮುಖ್ಯವಾದ ಕೆಲಸ ಇದೇ. ಒಣ ಬಟ್ಟೆಯಲ್ಲಿ ಒರೆಸಬೇಡಿ. ಧೂಳಿನಲ್ಲಿ ಸಣ್ಣ ಮರಳಿರುತ್ತದೆ, ನಿಮ್ಮ ಗೀರುಗಳು ಬಂದಿದ್ದೂ ಬಹುಶಃ ಹಾಗೇ ಸುಮ್ನೆ ಒರೆಸಿ ಒರೆಸಿ. ಒಣದಾಗಿ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ ಬೇರೆ. ಮೆತ್ತನೆಯ ಬ್ರಷ್‌ನಲ್ಲಿ ಧೂಳು ಕೊಡವಿ. ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ನೀರನ್ನು ನೇರವಾಗಿ ಮೀಟರ್ ಮೇಲೆ ಚಿಮುಕಿಸಬೇಡಿ. ಒಳಗೆ ಇಳಿದರೆ ಸರ್ಕ್ಯೂಟ್ ಬೋರ್ಡಿಗೇ ಹೋಗುತ್ತದೆ.

ಸುತ್ತಲಿನ ಕಪ್ಪು ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕಡಲೆಕಾಳಿನಷ್ಟು ಪಾಲಿಶನ್ನು ಬಟ್ಟೆಗೆ ಹಚ್ಚಿ, ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುತ್ತಾಗಿ ಉಜ್ಜಿ. ಜೋರಾಗಿ ಒತ್ತಬೇಡಿ, ಪ್ಲಾಸ್ಟಿಕ್ ಬಗ್ಗಿ ಹಿಂದಿನ ಮುಳ್ಳಿಗೆ ತಾಗಬಾರದು. ಪಾಲಿಶ್ ಒಣಗುತ್ತಾ ಬಂದಾಗ ಬೇರೆ ಬಟ್ಟೆಯಲ್ಲಿ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಸ್ವಲ್ಪ ಕಡಿಮೆಯಾಗಿದ್ದರೆ ಇನ್ನೊಂದು ಸಲ. ಕೈ ನೋಯುತ್ತೆ ಅಂತ ಡ್ರಿಲ್‌ಗೆ ಪ್ಯಾಡ್ ಸಿಕ್ಕಿಸಿ ಓಡಿಸುವವರಿದ್ದಾರೆ. ಈ ಪ್ಲಾಸ್ಟಿಕ್ ಸಾಮಾನ್ಯವಾಗಿ ಅಕ್ರಿಲಿಕ್, ಸುಮಾರು 100 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಪ್ಯಾಡ್ ಒಂದೇ ಜಾಗದಲ್ಲಿ ನಿಂತರೆ ಸಾಕು, ಮೇಲ್ಮೈ ಬಿಸಿಯಾಗಿ ಮೆತ್ತಿಕೊಳ್ಳುತ್ತದೆ. ಅದನ್ನು ಯಾವ ಪಾಲಿಶೂ ಸರಿಮಾಡಲಾರದು.

ಥಿನ್ನರ್, ಅಸಿಟೋನ್, ಪೆಟ್ರೋಲ್, ಅಮೋನಿಯಾ ಇರುವ ಗಾಜು ಕ್ಲೀನರ್, ಇವುಗಳನ್ನು ಹತ್ತಿರಕ್ಕೂ ತರಬೇಡಿ. ಇವು ತಾಗಿದರೆ ಅಕ್ರಿಲಿಕ್‌ನಲ್ಲಿ ಹಳೆಯ ಪಿಂಗಾಣಿ ಬಟ್ಟಲಿನ ಮೇಲಿರುತ್ತಲ್ಲ, ಅಂಥ ಕೂದಲೆಳೆ ಬಿರುಕುಗಳು ಏಳುತ್ತವೆ. ನಿಮ್ಮದು ಈಗಾಗಲೇ ಹಾಗೆ ಕಾಣುತ್ತಿದ್ದರೆ, ಉಗುರಿಗೂ ಸಿಗದೆ, ನೀರು ಹಚ್ಚಿದರೂ ಮಾಯವಾಗದೆ ಇದ್ದರೆ, ಅದು ಗೀರಲ್ಲ, ಬಿರುಕು. ಉಜ್ಜುವ ಶ್ರಮ ದಂಡ.

ಉಗುರಿಗೆ ಸಿಗುವ ಗೀರಿಗೆ ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ಉಜ್ಜುವ ಮರಳು ಕಾಗದ ಬೇಕು. ಆದರೆ ಮೀಟರ್ ಮುಂದಿನ ಆ ಪ್ಲಾಸ್ಟಿಕ್ ಕವರನ್ನು ಬಿಚ್ಚಿ ಹೊರಗೆ ತೆಗೆಯಲು ಆದರೆ ಮಾತ್ರ. ಕಾರಿನಲ್ಲೇ ಇಟ್ಟು ನೀರು ಹಾಕಿ ತಿಕ್ಕುವ ಕೆಲಸ ಅಲ್ಲ ಅದು. 1500, ಆಮೇಲೆ 2000, ಆಮೇಲೆ 3000 ನಂಬರ್ ಪೇಪರ್, ಎಲ್ಲವೂ ಒದ್ದೆಯಾಗಿರಬೇಕು. ಮೊದಲನೆಯದನ್ನು ಅಡ್ಡಡ್ಡ ಎಳೆದರೆ ಎರಡನೆಯದನ್ನು ಉದ್ದುದ್ದ ಎಳೆಯಿರಿ. ಹಿಂದಿನ ಪೇಪರಿನ ಗೆರೆಗಳು ಪೂರ್ತಿ ಹೋಗಿವೆಯೋ ಇಲ್ಲವೋ ಅಂತ ಆಗ ಗೊತ್ತಾಗುತ್ತದೆ. ಗೀರಿನ ಮೇಲಷ್ಟೇ ಉಜ್ಜಿದರೆ ಅಲ್ಲಿ ಗುಳಿ ಬಿದ್ದು ಅಂಕಿಗಳು ಸೊಟ್ಟ ಕಾಣುತ್ತವೆ, ಅದಕ್ಕೆ ಸುತ್ತಲೂ ಅಗಲವಾಗಿ ಉಜ್ಜಬೇಕು. ಕೊನೆಗೆ ಇಡೀ ಕವರ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನೋಡಿ ಗಾಬರಿಯಾಗಬೇಡಿ, ಪಾಲಿಶ್ ಹಾಕಿದಾಗ ತಿಳಿಯಾಗುತ್ತದೆ. ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್‌ನ ಕವರ್ ಆಗಿದ್ದರೆ ಮಾತ್ರ ನಾನು ಪೇಪರ್ ಮುಟ್ಟಿಸುವುದಿಲ್ಲ. ಅದು ಅಕ್ರಿಲಿಕ್‌ಗಿಂತ ಬೇಗ ಗೀರು ಬೀಳುವಂಥದ್ದು. ಅದಕ್ಕೆ ಅಂತಲೇ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಆ ಲೇಪವನ್ನೇ ತೆಗೆದರೆ ಮುಂದಿನ ಸಲ ಬಟ್ಟೆ ತಾಗಿದರೂ ಗೀರು.

ಡ್ಯಾಶ್‌ಬೋರ್ಡ್‌ಗೆ ಹಾಕುವ ಸಿಲಿಕೋನ್ ಸ್ಪ್ರೇ ಹಾಕಿದರೂ ಗೀರು ಕಾಣದಂತಾಗುತ್ತದೆ ಅಲ್ವಾ ಅಂತ ಕೇಳುವವರೂ ಇದ್ದಾರೆ. ಆಗುತ್ತದೆ, ನೀರಿನ ಹಾಗೆ ಸಂದು ತುಂಬುತ್ತದೆ ಅಷ್ಟೇ. ಒರೆಸಿದರೆ ಮತ್ತೆ ಅದೇ ಕಥೆ.

ಆಳದ ಗೀರು ಒಂದೆರಡೇ ಇದ್ದು, ಸ್ಪೀಡ್ ಓದಲು ಅಡ್ಡಿ ಇಲ್ಲದಿದ್ದರೆ ಬಿಟ್ಟುಬಿಡಿ. ಅಡ್ಡಿಯಿದ್ದರೆ ಮುಂದಿನ ಕವರ್ ಮಾತ್ರ ಬಿಡಿಯಾಗಿ ಸಿಗುತ್ತದೆಯಾ ವಿಚಾರಿಸಿ, ಎಷ್ಟೋ ಮಾಡೆಲ್‌ಗಳಿಗೆ ಸಿಗುತ್ತದೆ. ಇಡೀ ಮೀಟರನ್ನೇ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಓಡಿರುವ ಕಿಲೋಮೀಟರ್ ಲೆಕ್ಕ ಅನೇಕ ಕಾರುಗಳಲ್ಲಿ ಆ ಮೀಟರ್ ಒಳಗೇ ಇರುತ್ತದೆ. ಬದಲಿಸಲೇಬೇಕಾದರೆ ಬಿಚ್ಚುವ ಮುಂಚೆ ಆ ಅಂಕಿಯ ಫೋಟೋ ತೆಗೆದುಕೊಳ್ಳಿ, ಬಿಲ್ಲಿನಲ್ಲೂ ಅದನ್ನು ಬರೆಸಿಕೊಳ್ಳಿ. ಮುಂದೆ ಕಾರು ಮಾರುವಾಗ ಕೇಳುತ್ತಾರೆ.