ಹಳೆಯ ದೋಣಿಗೆ 40 ಅಶ್ವಶಕ್ತಿಯ ಎಂಜಿನ್ ಹಾಕಬಹುದೇ?

ಶರಾವತಿ ಹಿನ್ನೀರಿನಲ್ಲಿ ವಿಹಾರಕ್ಕೆ ಬಳಸುವ ನಿಮ್ಮ ಹಳೆಯ ಫೈಬರ್ ದೋಣಿಯ 25 ಅಶ್ವಶಕ್ತಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಮೊದಲಿನಂತೆ ಎಳೆಯುತ್ತಿಲ್ಲ, ಅದರ ಬದಲು 40 ಅಶ್ವಶಕ್ತಿಯದನ್ನು ಕೂರಿಸಬಹುದೇ ಎಂದು ಕೇಳಿದ್ದೀರಿ. ಸಾಗರ ಪಟ್ಟಣದ ಕಡೆಯ ಹಿನ್ನೀರಿನಲ್ಲಿ ಇಂಥದೇ ದೋಣಿಯನ್ನು ಇಟ್ಟುಕೊಂಡಿರುವ ನನ್ನ ಅಭಿಪ್ರಾಯದಲ್ಲಿ, ಇರುವ ಶಕ್ತಿ ಎಲ್ಲಿ ಸೋರಿಹೋಗುತ್ತಿದೆ ಎಂಬುದು ತಿಳಿಯುವವರೆಗೆ ಹೊಸ ಎಂಜಿನ್ನಿನ ಮಾತು ಬೇಡ.

ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ ಎಂದು ಎತ್ತರದ ಮೇಲೆ ದೂರು ಹೊರಿಸುವವರಿದ್ದಾರೆ. ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಸಾವಿರ ಅಡಿಗೆ ಸುಮಾರು ಶೇ. 3ರಂತೆ ಲೆಕ್ಕ ಹಾಕಿದರೂ ನಷ್ಟ ಶೇ. 5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊದಲು ನೋಡಬೇಕಾದದ್ದು ಪ್ರೊಪೆಲ್ಲರನ್ನು. ಮುಳುಗಡೆಯಾದ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ನೀರಿಳಿದಂತೆ ಮೇಲ್ಮೈಗೆ ಹತ್ತಿರವಾಗುತ್ತವೆ; ಅವು ತಾಗಿದಾಗ ಗೇರುಗಳನ್ನು ಉಳಿಸಲೆಂದೇ ಪ್ರೊಪೆಲ್ಲರಿನೊಳಗೆ ಇರಿಸಿದ ರಬ್ಬರ್ ಹಬ್ ಸಡಿಲಗೊಂಡು ಜಾರತೊಡಗಿದರೆ, ಎಂಜಿನ್ ಅಬ್ಬರಿಸುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಹಬ್ ಸರಿಯಾಗಿದ್ದರೆ ಎರಡೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿ, ಅಂತರ ಶೇ. 10ನ್ನು ಮೀರದಿದ್ದರೆ ಎಂಜಿನ್ನಿನ ಒಡಲು ಇನ್ನೂ ಗಟ್ಟಿಯಾಗಿದೆ ಎಂದೇ ನಾನು ತಿಳಿಯುತ್ತೇನೆ.

ಆಮೇಲೆ ಇಂಧನ. ಈಗ ಬಂಕುಗಳಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರೆತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಬಿಟ್ಟರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ, ಹಳೆಯ ರಬ್ಬರ್ ಕೊಳವೆಗಳೂ ಮೆತ್ತಗಾಗುತ್ತವೆ. ಕೊಳವೆಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ, ಮಳೆಗಾಲಕ್ಕೆ ಮುನ್ನ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿ. ಪೆಟ್ರೋಲಿಗೆ ಬೆರೆಸುವ ಎಣ್ಣೆ ದೋಣಿಯ ಟೂ-ಸ್ಟ್ರೋಕ್ ಎಂಜಿನ್ನಿಗೆಂದೇ ಇರುವ ಟಿಸಿ-ಡಬ್ಲ್ಯು3 ದರ್ಜೆಯದ್ದೇ ಇರಲಿ, ಬೈಕಿನದು ಬೇಡ. ಕೈಪಿಡಿ 50:1 ಎಂದು ಹೇಳಿದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. ಎಂಜಿನ್ನಿನ ಪಕ್ಕದಿಂದ ಚಿಮ್ಮುವ ತಂಪುನೀರಿನ ಎಳೆ ತೆಳುವಾಗಿದ್ದರೆ ನೀರಿನ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಬದಲಿಸಿ. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಸೇರಿದೆ ಎಂದರ್ಥ.

ಇಷ್ಟಾದ ಮೇಲೂ ಹೊಸ ಎಂಜಿನ್ ಬೇಕೆನಿಸಿದರೆ, ತೀರ್ಮಾನ ಮಾಡಬೇಕಾದದ್ದು ನಿಮ್ಮ ಜೇಬಲ್ಲ, ಎಂಜಿನ್ ಹೊರುವ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್. ಹಳೆಯ ಫೈಬರ್ ದೋಣಿಗಳಲ್ಲಿ ಅದರ ಒಡಲು ಸಾಮಾನ್ಯವಾಗಿ ಪ್ಲೈವುಡ್. ಬೋಲ್ಟಿನ ರಂಧ್ರಗಳಿಂದ ಇಳಿದ ನೀರು ನಮ್ಮ ಹವೆಯಲ್ಲಿ ಬೇಗ ಆರದೆ, ಹೊರಗೆ ಹೊಳಪಿದ್ದರೂ ಒಳಗೆ ಮರ ಕೊಳೆಯುತ್ತದೆ. ಮರದ ಸುತ್ತಿಗೆಯಿಂದ ಬಡಿದಾಗ ಮಂಕಾದ ಸದ್ದು ಬಂದರೆ, ಅಥವಾ ಎಂಜಿನ್ನನ್ನು ಮೇಲೆತ್ತಿ ಅದರ ಕಾಲನ್ನು ಅದುಮಿದಾಗ ಹಲಗೆ ಬಾಗಿದರೆ, 25ರ ಎಂಜಿನ್ನಿಗೂ ಅದು ಯೋಗ್ಯವಲ್ಲ. ದೋಣಿಯ ಫಲಕದಲ್ಲಿ ನಮೂದಾದ ಗರಿಷ್ಠ ಶಕ್ತಿಯನ್ನು ಮೀರುವುದಂತೂ ಕೂಡದು. ನಾನಾದರೆ ಅದೇ 25ರ ಫೋರ್-ಸ್ಟ್ರೋಕ್ ಆರಿಸುತ್ತೇನೆ: ಎಣ್ಣೆ ಬೆರೆಸುವ ಗೋಜಿಲ್ಲ, ಪೆಟ್ರೋಲೂ ಉಳಿಯುತ್ತದೆ. ಆದರೆ ಅದು ಹೆಚ್ಚು ಭಾರವಿರುವುದರಿಂದ ತೂಕವನ್ನೂ, ಟ್ರಾನ್ಸಮ್ಮಿನ ಎತ್ತರಕ್ಕೆ ಹೊಂದಬೇಕಾದ ಶಾಫ್ಟ್ 15 ಇಂಚಿನದೋ 20 ಇಂಚಿನದೋ ಎಂಬುದನ್ನೂ ನೋಡಿಯೇ ಮುಂಗಡ ಕೊಡಿ. ಕರಾವಳಿಯ ಉಪ್ಪುನೀರಿನಲ್ಲಿ ದುಡಿದ ಎಂಜಿನ್ ಅಗ್ಗಕ್ಕೆ ಸಿಕ್ಕರೆ, ಹೆಡ್ ಬಿಚ್ಚಿಸಿ ತಂಪುನೀರಿನ ದಾರಿಗಳು ಕಟ್ಟಿಕೊಂಡಿಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಬೆಲೆ ಮಾತಾಡಿ.