ಸೂಪರ್‌ಮ್ಯಾನ್ ಕೆನ್ನೆ ಗುಲಾಬಿ ಯಾಕೆ? ಹಳೇ ಕಾಮಿಕ್ಸ್ ಮರುಮುದ್ರಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 1938ರ ಮೊದಲ ಸೂಪರ್‌ಮ್ಯಾನ್ ಕತೆ ನನ್ನ ಹತ್ತಿರ ಮೂರು ಬೇರೆ ಬೇರೆ ಸಂಗ್ರಹಗಳಲ್ಲಿದೆ. ಒಂದರಲ್ಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಇನ್ನೊಂದರಲ್ಲಿ ಗೆರೆಗಳು ದಪ್ಪ, ಮತ್ತೊಂದು ಮಸುಕು ಮಸುಕು. ಇದರಲ್ಲಿ ಒರಿಜಿನಲ್ ಯಾವುದು, ಯಾವುದನ್ನು ಇಟ್ಟುಕೊಳ್ಳಲಿ? (ಮೈಸೂರಿನ ಓದುಗರು)

ಉತ್ತರ: ಮೂರೂ ಅಲ್ಲ. ಈ ಪ್ರಶ್ನೆ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಆದ್ದರಿಂದ ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಮುಂದೆ ಕೇಳಿದವರಿಗೆ ಈ ಪುಟವನ್ನೇ ಕತ್ತರಿಸಿ ಕಳಿಸುವುದು.

ಒರಿಜಿನಲ್ ಎಂಬ ಪದವನ್ನು ಮೊದಲು ಪಕ್ಕಕ್ಕಿಡಿ. ನೀವು ಹೇಳುವ ಕತೆ ಮೊದಲು ಬಂದದ್ದು ಆ್ಯಕ್ಷನ್ ಕಾಮಿಕ್ಸ್ ಎಂಬ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಅದರ ಆ 13 ಪುಟಗಳೇ ಕತ್ತರಿ-ಗೋಂದಿನ ಕೆಲಸ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಅದನ್ನು ದಿನಪತ್ರಿಕೆಯ ಸ್ಟ್ರಿಪ್ (ದಿನಕ್ಕೊಂದು ಸಾಲಿನ ಚಿತ್ರಕತೆ) ಆಗಲಿ ಅಂತ ಮಾಡಿಟ್ಟಿದ್ದರು. ಕೊಳ್ಳುವವರೇ ಸಿಗಲಿಲ್ಲ. ಕೊನೆಗೆ ಕಾಮಿಕ್ಸ್‌ನವರು ತೆಗೆದುಕೊಂಡಾಗ ಆ ಸ್ಟ್ರಿಪ್‌ಗಳನ್ನೇ ಕತ್ತರಿಸಿ, ಪುಟದ ಅಳತೆಗೆ ಅಂಟಿಸಿ ಕೊಟ್ಟರು. ಹಕ್ಕು ಮಾರಿದ್ದಕ್ಕೆ ಸಿಕ್ಕಿದ್ದು 130 ಡಾಲರ್, ಆ ಗೋಳು ಬೇರೆ. ಮರುವರ್ಷ, 1939ರಲ್ಲಿ, ಸೂಪರ್‌ಮ್ಯಾನ್ ಹೆಸರಿನದೇ ಪತ್ರಿಕೆ ಶುರುವಾಯಿತಲ್ಲ, ಅದರ ಮೊದಲ ಸಂಚಿಕೆಯಲ್ಲಿ ಇದ್ದದ್ದು ಬಹುಪಾಲು ಆ್ಯಕ್ಷನ್‌ನ ಮೊದಲ ನಾಲ್ಕು ಸಂಚಿಕೆಗಳ ಕತೆಗಳೇ. ಮೊದಲ ಕತೆಯಲ್ಲಿ ಜಾಗವಿಲ್ಲದೆ ಬಿಟ್ಟಿದ್ದ ಪುಟಗಳನ್ನು ಮಾತ್ರ ವಾಪಸ್ ಸೇರಿಸಿದ್ದರು. ಅಂದರೆ ನಿಮ್ಮ ‘ಮೂಲ’ದ ಮರುಮುದ್ರಣ, ಅದೂ ತಿದ್ದಿದ ಮರುಮುದ್ರಣ, ಆಗಲೇ ಬಂದಾಗಿತ್ತು. ಅಷ್ಟೇಕೆ, ಅಮೆರಿಕದ ಕಾಮಿಕ್ ಪುಸ್ತಕ ಅನ್ನುವುದು 1933ರ ಸುಮಾರಿಗೆ ಕಣ್ಣುಬಿಟ್ಟದ್ದೇ ಪತ್ರಿಕೆಗಳ ಹಳೇ ಸ್ಟ್ರಿಪ್‌ಗಳನ್ನು ಮತ್ತೆ ಅಚ್ಚುಹಾಕಿ.

ಈಗ ಬಣ್ಣಕ್ಕೆ ಬರೋಣ. ಆ ಕಾಲದಲ್ಲಿ ಕಲಾವಿದ ಶಾಯಿಯಲ್ಲಿ ಬರೆದುಕೊಟ್ಟ ಹಾಳೆಗೆ ಅಚ್ಚಾದ ಮೇಲೆ ಬೆಲೆ ಇರಲಿಲ್ಲ. ಹೆಚ್ಚಿನವನ್ನು ಪ್ರಕಾಶಕರೇ ಹರಿದು ಬಿಸಾಡಿದರು. ಆಮೇಲೆ ಸಂಗ್ರಹ ಮಾಡಹೊರಟವರಿಗೆ ಉಳಿದದ್ದು ಅಚ್ಚಾದ ಹಳೇ ಪ್ರತಿ ಒಂದೇ. ಅದರಲ್ಲೋ ಕಪ್ಪು ಗೆರೆಯ ಮೇಲೆ ಕೆಂಪು, ನೀಲಿ, ಹಳದಿ ಎಲ್ಲ ಕೂತಿವೆ. ಹೊಸದಾಗಿ ಅಚ್ಚುಹಾಕಬೇಕಾದರೆ ಗೆರೆಯೊಂದೇ ಬೇಕು. ಏನು ಮಾಡುವುದು?

ಗ್ರೆಗ್ ಥೀಕ್‌ಸ್ಟನ್ ಎಂಬ ಕಲಾವಿದ ಕಂಡುಕೊಂಡ ದಾರಿ ಹೀಗಿತ್ತು: ಹಳೇ ಕಾಮಿಕ್‌ನ ಹಾಳೆಗಳನ್ನು ಬಿಡಿಸಿ ರಾಸಾಯನಿಕದಲ್ಲಿ ಅದ್ದಿ ಬಣ್ಣವನ್ನೆಲ್ಲ ತೊಳೆದುಬಿಡುವುದು. ಕಪ್ಪು ಮಾತ್ರ ಉಳಿಯುತ್ತದೆ, ಅದನ್ನು ಚಿತ್ರ ತೆಗೆದುಕೊಳ್ಳುವುದು. ಆ ವಿಧಾನಕ್ಕೆ ಅವರ ಹೆಸರೇ ಅಂಟಿತು, ಥೀಕ್‌ಸ್ಟನೈಸಿಂಗ್ ಅಂತ. ತೊಳೆದ ಪ್ರತಿಯ ಕತೆ ಅಲ್ಲಿಗೆ ಮುಗಿಯಿತು. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಗೆರೆಯ ಮಟ್ಟಿಗೆ ಅದಕ್ಕಿಂತ ಪ್ರಾಮಾಣಿಕ ಕೆಲಸ ಆಗ ಬೇರೆ ಇರಲಿಲ್ಲ. ಯಾಕೆಂದರೆ ಇನ್ನೊಂದು ದಾರಿ ಟ್ರೇಸಿಂಗ್. ಹಳೇ ಪುಟದ ಮೇಲೆ ಯಾರೋ ಕೂತು ಮತ್ತೆ ಬರೆಯುವುದು. ಶೂಸ್ಟರ್‌ನ ಕುಂಚದ ಆ ಅವಸರ, ಆ ಒರಟುತನ ಟ್ರೇಸ್ ಮಾಡಿದವನ ಕೈಗೆ ಬರುವುದಿಲ್ಲ. ಗೆರೆ ತಂತಿಯ ಹಾಗೆ ಸೆಟೆದುಕೊಳ್ಳುತ್ತದೆ. ನಿಮ್ಮ ‘ದಪ್ಪ ಗೆರೆ’ಯ ಪುಸ್ತಕದಲ್ಲಿ ಹೀಗೇ ಏನೋ ಆಗಿದೆ.

ಗೆರೆ ಸಿಕ್ಕಿತು, ಬಣ್ಣ? ನಾನು ಬದುಕೆಲ್ಲ ಪ್ರೆಸ್ಸಿನಲ್ಲಿ ಪ್ಲೇಟ್ ಮಾಡಿದವನು, ಆದ್ದರಿಂದ ಇಲ್ಲಿ ಸ್ವಲ್ಪ ಸಹಿಸಿಕೊಳ್ಳಿ. ಕೆಂಪು, ನೀಲಿ, ಹಳದಿ, ಒಂದೊಂದಕ್ಕೂ ಮೂರೇ ಹದ. ತೆಳು ಚುಕ್ಕೆ, ದಟ್ಟ ಚುಕ್ಕೆ, ಪೂರ್ತಿ ಬಣ್ಣ. ಖಾಲಿ ಬಿಡುವುದನ್ನೂ ಸೇರಿಸಿದರೆ ನಾಲ್ಕು. ನಾಲ್ಕು, ನಾಲ್ಕಲ, ನಾಲ್ಕಲ, ಒಟ್ಟು 64 ಬಣ್ಣ. ಕಾಮಿಕ್ಸ್ ಪ್ರಪಂಚವೆಲ್ಲ ಇಷ್ಟರಲ್ಲೇ ನಡೆಯುತ್ತಿತ್ತು. ಅದನ್ನು ಒತ್ತುತ್ತಿದ್ದುದು ಬೂದು ಛಾಯೆಯ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಆ ಕಾಗದ ಬ್ಲಾಟಿಂಗ್ ಪೇಪರ್‌ನ ತಮ್ಮ, ಶಾಯಿ ಕುಡಿಯುತ್ತದೆ, ಚುಕ್ಕೆ ಊದಿಕೊಳ್ಳುತ್ತದೆ, ಬಣ್ಣ ತಣ್ಣಗಾಗುತ್ತದೆ. ಎಲ್ಲಿ ಯಾವ ಬಣ್ಣ ಅಂತ ಹೇಳುತ್ತಿದ್ದವರಿಗೆ ಇದು ಗೊತ್ತಿತ್ತು, ಕಾಗದ ಇಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿಯೇ ಹೇಳುತ್ತಿದ್ದರು. ಅದೇ ಲೆಕ್ಕವನ್ನು ದಪ್ಪ, ಅಚ್ಚ ಬಿಳಿ ಕಾಗದಕ್ಕೆ ತಂದು, ಚುಕ್ಕೆ ತೆಗೆದು ಕಂಪ್ಯೂಟರಿನಲ್ಲಿ ಸಪಾಟಾಗಿ ತುಂಬಿದರೆ ಸೂಪರ್‌ಮ್ಯಾನ್‌ನ ಕೆನ್ನೆ ಜಾತ್ರೆಯ ಬೊಂಬಾಯಿ ಮಿಠಾಯಿ ಆಗದೆ ಇನ್ನೇನಾಗುತ್ತದೆ?

ಈ ತಪ್ಪು ನಾನೂ ಮಾಡಿದ್ದೇನೆ. ನ್ಯೂಸ್‌ಪ್ರಿಂಟ್‌ಗೆ ಮಾಡಿದ್ದ ಒಂದು ಕೃಷ್ಣನ ಚಿತ್ರವನ್ನು ಹಾಗೇ ಆರ್ಟ್ ಪೇಪರ್ ಕ್ಯಾಲೆಂಡರಿಗೆ ಹಾಕಿದೆ. ಕೃಷ್ಣ ಹಸಿರಾದ. ಗಿರಾಕಿ ದುಡ್ಡು ಕೊಡಲಿಲ್ಲ, ಸರಿಯಾಗೇ ಮಾಡಿದ.

ಹಸಿರು ಅಂದಾಗ ಮಾರ್ವೆಲ್ ಕಂಪನಿಯ ದೈತ್ಯ ಹಲ್ಕ್ ನೆನಪಾಗುತ್ತಾನೆ. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು. ಆ ಬೂದು ಪ್ರೆಸ್ಸಿನಲ್ಲಿ ಪುಟಕ್ಕೊಂದು ಥರ ಬಂತು ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿದರು. ಸರಿ. ಆದರೆ ಆಮೇಲೆ ವರ್ಷಗಟ್ಟಲೆ, ಮೊದಲ ಕತೆಯನ್ನು ಮರುಮುದ್ರಿಸಿದಾಗಲೂ ಅವನಿಗೆ ಹಸಿರನ್ನೇ ಬಳಿದರು. ಆ ಸಂಗ್ರಹ ಓದಿ ಬೆಳೆದವರಿಗೆ ಬೂದು ಹಲ್ಕ್ ಇದ್ದ ಅನ್ನುವುದೇ ಗೊತ್ತಿಲ್ಲ. ಅದಕ್ಕೇ ಬೆನ್ನ ಮೇಲೆ ‘ಬಣ್ಣ ಸುಧಾರಿಸಲಾಗಿದೆ’ ಎಂದು ಹೆಮ್ಮೆಯಿಂದ ಬರೆದುಕೊಂಡ ಪುಸ್ತಕ ಕಂಡರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಕೊಳ್ಳುವ ಮಾತು. ಮಾರ್ವೆಲ್ ಮಾಸ್ಟರ್‌ವರ್ಕ್ಸ್ (1987ರಿಂದ) ಮತ್ತು ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿಯವರ ಡಿಸಿ ಆರ್ಕೈವ್ಸ್ (1989ರಿಂದ) ಎಂಬ ಸಂಗ್ರಹಗಳು ಗಟ್ಟಿ ರಟ್ಟಿನವು, ಕಪಾಟಿಗೆ ಚೆಂದ, ಬಣ್ಣ ಹೊಸದು. ಓಮ್ನಿಬಸ್, ಅಂದರೆ ಹತ್ತಾರು ಸಂಚಿಕೆ ಒಟ್ಟಿಗೆ ಕಟ್ಟಿದ ದಪ್ಪ ಸಂಪುಟ, ಬೇಡ. ಇಡ್ಲಿ ರುಬ್ಬುವ ಕಲ್ಲಿನ ಭಾರ, ನಡುವಿನ ಮಡಿಕೆಯಲ್ಲಿ ಅರ್ಧ ಚಿತ್ರ ಮುಳುಗಿರುತ್ತದೆ, ಮಲಗಿ ಓದಿದರೆ ಮೂಗಿಗೆ ಅಪಾಯ. ಕ್ರಮವಾಗಿ ಓದಲು ಬ್ಯಾಟ್‌ಮ್ಯಾನ್ ಕ್ರಾನಿಕಲ್ಸ್ (2005), ಸೂಪರ್‌ಮ್ಯಾನ್ ಕ್ರಾನಿಕಲ್ಸ್ (2006) ಪೇಪರ್‌ಬ್ಯಾಕ್‌ಗಳನ್ನು ಸೆಕೆಂಡ್‌ಹ್ಯಾಂಡ್ ಹುಡುಕಿ. ಸಿಗದಿದ್ದರೆ 2016ರಿಂದ ಬಂದ ಗೋಲ್ಡನ್ ಏಜ್ ಪೇಪರ್‌ಬ್ಯಾಕ್‌ಗಳು. ಇವುಗಳ ಜೊತೆ ಒಂದೇ ಒಂದು ಫ್ಯಾಕ್ಸಿಮಿಲಿ ಸಂಚಿಕೆ ಕೊಳ್ಳಿ, ಹಳೇ ಪ್ರತಿಯನ್ನು ಜಾಹೀರಾತು ಸಮೇತ ಅಚ್ಚುಹಾಕಿದ್ದು. ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಕೆನ್ನೆ ನೋಡಿ. ಚುಕ್ಕೆ ಕಾಣಿಸಿದರೆ ಹಳೇ ಬಣ್ಣ, ಇಲ್ಲದಿದ್ದರೆ ಹೊಸದಾಗಿ ತುಂಬಿದ್ದು, ಅಷ್ಟೇ. ನಿಮ್ಮ ಮೂರರಲ್ಲಿ ‘ಮಸುಕು’ ಅಂದಿರಲ್ಲ, ಅದನ್ನು ಇಟ್ಟುಕೊಳ್ಳಿ, ಹಳೇ ನ್ಯೂಸ್‌ಪ್ರಿಂಟ್‌ನ ತಣ್ಣನೆ ಬಣ್ಣಕ್ಕೆ ಹತ್ತಿರದ್ದು ಅದೇ.

ಪ್ರಶ್ನೆ: ಇಲ್ಲಿನ ಗ್ಯಾರೇಜ್ ಸೇಲ್‌ನಲ್ಲಿ ಆ್ಯಕ್ಷನ್ ಕಾಮಿಕ್ಸ್ ನಂಬರ್ 1 ಸಿಕ್ಕಿದೆ! ಮುಖಪುಟದಲ್ಲಿ ಜೂನ್ 1938, 10 ಸೆಂಟ್ಸ್ ಅಂತ ಇದೆ. 2024ರಲ್ಲಿ ಇದೇ ಸಂಚಿಕೆ 60 ಲಕ್ಷ ಡಾಲರ್‌ಗೆ ಹೋಗಿದೆಯಂತೆ. (ನ್ಯೂಜೆರ್ಸಿಯಿಂದ)

ಉತ್ತರ: ಹೋಗಿದೆ, ನಿಮ್ಮದಲ್ಲ. ಸ್ಕೇಲ್ ತನ್ನಿ. ನಿಮ್ಮ ಪ್ರತಿ ಸುಮಾರು 10 ಇಂಚು ಅಗಲ, 13 ಇಂಚಿಗೂ ಹೆಚ್ಚು ಉದ್ದ ಇದ್ದರೆ ಅದು 1974ರಲ್ಲಿ ಡಿಸಿ ಕಂಪನಿಯೇ ತಂದ ಫೇಮಸ್ ಫಸ್ಟ್ ಎಡಿಷನ್. ಹಳೆಯದರ ಅಗಲ 8 ಇಂಚನ್ನೂ ಮುಟ್ಟುವುದಿಲ್ಲ. ಆ ಮರುಮುದ್ರಣಕ್ಕೆ ಹೊರಗೆ ದಪ್ಪ ರಟ್ಟಿನ ಹೊದಿಕೆ, ಒಳಗೆ ಹಳೇ ಮುಖಪುಟದ ಪಡಿಯಚ್ಚು. ಹೊದಿಕೆ ಕಿತ್ತುಬಿಟ್ಟರೆ 1938, 10 ಸೆಂಟ್ಸ್, ಕಾರೆತ್ತಿದ ಸೂಪರ್‌ಮ್ಯಾನ್ ಎಲ್ಲ ಹಾಗೇ ಕಾಣುತ್ತದೆ. ಕಿತ್ತು ಮಾರುವ ಪುಣ್ಯಾತ್ಮರು 50 ವರ್ಷದಿಂದ ಇದ್ದಾರೆ. ಅದನ್ನು ಚಹಾದ ನೀರಿನಲ್ಲಿ ಅದ್ದಿ ಹಳದಿ ಮಾಡುವವರೂ ಇದ್ದಾರೆ. ಅಂಥವರಿಗೆ ‘ಪರಿಣತ’ರ ಬೋರ್ಡು ಬೇರೆ.

ಪ್ರಶ್ನೆ: ಹಳೇ ಕಾಮಿಕ್ಸ್‌ನ ಹಳದಿ ತೆಗೆಯುವ ದ್ರಾವಣ ಅಂತ ಒಬ್ಬರು ಮಾರುತ್ತಿದ್ದಾರೆ. ಕೊಳ್ಳಲೇ? (ಮಂಗಳೂರು)

ಉತ್ತರ: ಕೊಳ್ಳಬೇಡಿ ಮಾರಾಯ್ರೇ. ಹಳದಿ ಮೇಲೆ ಕೂತ ಕೊಳೆಯಲ್ಲ, ಮರದ ತಿರುಳಿನ ಲಿಗ್ನಿನ್ ಒಳಗೇ ಮಾಗಿದ್ದು. ಬ್ಲೀಚ್ ಹಾಕಿದರೆ ಬಿಳಿಯಾಗುತ್ತದೆ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಿಮ್ಮ ಊರಿನ ಮಳೆಗಾಲಕ್ಕೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ತನ್ನಿ, ಅದೇ ಔಷಧ.

ಪ್ರಶ್ನೆ: ಲ್ಯಾಮಿನೇಷನ್ ಮಾಡಿಸಬಹುದೇ?

ಉತ್ತರ: ಮದುವೆ ಸರ್ಟಿಫಿಕೇಟಿಗೂ ಬೇಡ, ಇದಕ್ಕೂ ಬೇಡ.

ಪ್ರಶ್ನೆ: 1939ರ ಮೊದಲ ಬ್ಯಾಟ್‌ಮ್ಯಾನ್ ಕತೆಯಲ್ಲಿ ಕೈಗವಸು ನೇರಳೆ ಬಣ್ಣ. ಮುದ್ರಣ ದೋಷವೇ? ಪುಸ್ತಕ ವಾಪಸ್ ಮಾಡಲೇ?

ಉತ್ತರ: ಅದು ಹಾಗೇ ಇದ್ದದ್ದು. ಕಪ್ಪು ಕೈಗವಸು ಬಂದಿದ್ದರೆ ವಾಪಸ್ ಮಾಡಿ ಅನ್ನುತ್ತಿದ್ದೆ.

ಪ್ರಶ್ನೆ: ಹಳೇ ಸಂಗ್ರಹದಲ್ಲಿ ಬ್ಯಾಟ್‌ಮ್ಯಾನ್ ಸೃಷ್ಟಿಕರ್ತ ಬಾಬ್ ಕೇನ್ ಒಬ್ಬರೇ, ಹೊಸದರಲ್ಲಿ ಬಿಲ್ ಫಿಂಗರ್ ಹೆಸರೂ ಇದೆ. ಯಾವುದು ಸರಿ?

ಉತ್ತರ: ಹೊಸದು. ಫಿಂಗರ್ ತೀರಿಕೊಂಡದ್ದು 1974ರಲ್ಲಿ, ಹೆಸರು ಹಾಕಲು ಶುರುಮಾಡಿದ್ದು 2015ರಲ್ಲಿ.

ಪ್ರಶ್ನೆ: ಫೋಟೊ ಕಳಿಸುತ್ತೇನೆ, ಬೆಲೆ ಹೇಳುತ್ತೀರಾ?

ಉತ್ತರ: ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊ ಆದರೆ ಕಳಿಸಿ, ನೋಡೋಣ.