ತಮ್ಮ ಡಾಕ್ಟರ್ ಆದರೆ ಅವ್ವನ ಚೀಟಿ ಅವನೇ ಬರೆಯಬಹುದೇ?

ನೀವು ಕೇಳಿದ್ದು ಇಷ್ಟು: ತಮ್ಮ ಡಾಕ್ಟರ್, ಅವ್ವನ ಬಿಪಿ ಗುಳಿಗೆಯಿಂದ ಹಿಡಿದು ನಿಮ್ಮ ನಿದ್ದೆ ಗುಳಿಗೆವರೆಗೆ ಎಲ್ಲಕ್ಕೂ ಫೋನಿನಲ್ಲೇ ಚೀಟಿ ಕಳಿಸುತ್ತಾನೆ. ಇದು ಕಾನೂನಿಗೆ ಸರಿಯೇ?

ಕಾನೂನಿನ ಮಾತು ಬೇಗ ಮುಗಿಯುತ್ತದೆ. ನಮ್ಮ ದೇಶದ ವೈದ್ಯರ ನಡತೆಗೆ 2002ರ ನಿಯಮಾವಳಿ ಇದೆ. ಮನೆಯವರಿಗೆ ಬರೆಯಬಾರದು ಎಂಬ ನೇರ ನಿಷೇಧ ಅದರಲ್ಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಕೌನ್ಸಿಲ್ ಬಿಗಿ: ತನಗಾಗಲಿ ಹತ್ತಿರದವರಿಗಾಗಲಿ ಸಾಧ್ಯವಾದಷ್ಟು ಬರೆಯಬೇಡ, ಬರೆಯಲೇಬೇಕಾದರೆ ಸಂಬಂಧವೇನು, ಯಾಕೆ ಬರೆದೆ ಎಂದು ಆಗಲೇ ದಾಖಲಿಸು, ಅವರ ಡಾಕ್ಟರಿಗೂ ತಿಳಿಸು ಎನ್ನುತ್ತದೆ. ಅಮೆರಿಕದ ವೈದ್ಯರ ಸಂಘ ತುರ್ತು ಸಂದರ್ಭ, ಬೇರೆ ಡಾಕ್ಟರೇ ಇಲ್ಲದ ಜಾಗ, ಸಣ್ಣಪುಟ್ಟ ತೊಂದರೆ ಇವಕ್ಕಷ್ಟೇ ವಿನಾಯಿತಿ ಕೊಡುತ್ತದೆ.

ಇದನ್ನೆಲ್ಲ ಓದಿಕೊಂಡೂ ನಾನು ತಪ್ಪಿದವನು. ವಿಜಯಪುರದಲ್ಲಿ ನನ್ನ ಕ್ಲಿನಿಕ್ ಇದೆ. ಬಸವನ ಬಾಗೇವಾಡಿ ಕಡೆ ಒಂದು ಮದುವೆಯಲ್ಲಿ ನಮ್ಮ ಕಾಕಾನ ಬಿಪಿ ನೋಡಿದೆ, ಹೆಚ್ಚಿತ್ತು. ಎನಲಾಪ್ರಿಲ್ ಬರೆದುಕೊಟ್ಟೆ, ಅದೂ ಲಗ್ನಪತ್ರಿಕೆಯ ಲಕೋಟೆ ಮೇಲೆ. ಎರಡು ತಿಂಗಳಿಗೆ ಫೋನು: "ತಮ್ಮಾ, ಕೆಮ್ಮು ಬಿಡವಲ್ದು." ಜೋಳದ ರಾಶಿ ನಡೆದಿತ್ತು. "ರಾಶಿ ಧೂಳದು ಕಾಕಾ" ಅಂದೆ, ಒಂದು ಸಿರಪ್ ಹೇಳಿದೆ. ಆಮೇಲೆ ಇನ್ನೊಂದು ಸಿರಪ್. ಆಮೇಲೆ ಆ್ಯಂಟಿಬಯಾಟಿಕ್. ರಾಶಿ ಮುಗಿಯಿತು, ಹೊಲ ಬರಿದಾಯಿತು, ಕೆಮ್ಮು ಹೋಗಲಿಲ್ಲ. ಕೊನೆಗೆ ನನ್ನ ಗೆಳೆಯನೊಬ್ಬನ ಕಡೆ ಕಳಿಸಿದೆ. ಅವನ ಮೊದಲ ಪ್ರಶ್ನೆ: "ಬಿಪಿಗೆ ಯಾವ ಗುಳಿಗಿ ತೊಗೋತೀರಿ?" ಗುಳಿಗೆ ಬದಲಿಸಿದ, ಕೆಲವೇ ವಾರಗಳಲ್ಲಿ ಕೆಮ್ಮು ನಿಂತಿತು.

ಎನಲಾಪ್ರಿಲ್ ಗುಂಪಿನ ಔಷಧಿಗಳು ಕೆಲವರಿಗೆ ಒಣಕೆಮ್ಮು ತರುತ್ತವೆ ಎಂಬುದು ಎಂಬಿಬಿಎಸ್ ಹುಡುಗರಿಗೂ ಗೊತ್ತು. ಎದುರಿಗೆ ಅಪರಿಚಿತ ಕೂತಿದ್ದರೆ ಆ ಪ್ರಶ್ನೆ ನಾನೂ ಕೇಳುತ್ತಿದ್ದೆ. ಕಾಕಾನ ಬಗ್ಗೆ ಎಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ. ತಿರುವಿ ನೋಡೋಣ ಅಂದರೆ ಒಂದು ಕಡತವೂ ಇರಲಿಲ್ಲ. ಲಕೋಟೆ ಕಾಕಿಯ ಟ್ರಂಕಿನಲ್ಲಿತ್ತು.

ನಿಮ್ಮ ಅವ್ವನದು ಇನ್ನೊಂದು ಬಗೆ. ಉಚ್ಚೆ ತಡೆಯಲಾಗುತ್ತಿಲ್ಲ, ಕೆಳಗೆ ತುರಿಕೆ ಎಂದು ಎಷ್ಟು ತಾಯಂದಿರು ಮಗನ ಮುಂದೆ ಬಾಯಿಬಿಡುತ್ತಾರೆ? ಸಕ್ಕರೆ ಕಾಯಿಲೆ ಇದ್ದರೆ ಅದೇ ಮುಖ್ಯ ಮಾತಾಗಿರಬಹುದು. ಮಗ ಕೇಳುವುದೂ ಇಲ್ಲ.

ನಿದ್ದೆ ಗುಳಿಗೆ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ. ಅಲ್ಪ್ರಜೋಲಾಮ್ ಆಗಿದ್ದರೆ ಅದು ಮಾದಕವಸ್ತು ಕಾಯ್ದೆಯಡಿ ಬರುವ ಔಷಧಿ, ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಿಗಳ ಎಚ್1 ಪಟ್ಟಿಯಲ್ಲೂ ಇದೆ. ಔಷಧಿ ಅಂಗಡಿಯವರು ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಇಂಥ ಔಷಧಿಯನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ. ತಮ್ಮನ ನೋಂದಣಿಗೇ ಕುತ್ತು ಬರುವ ಕೆಲಸ ಇದು. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಬೇರೆ ಡಾಕ್ಟರ ಹತ್ತಿರ ಹೋಗಿ ನಿಧಾನವಾಗಿ ಇಳಿಸಿ.

ಅವ್ವನನ್ನು ಒಮ್ಮೆ ಮಹಿಳಾ ಡಾಕ್ಟರೊಬ್ಬರ ಹತ್ತಿರ ಕರೆದೊಯ್ಯಿರಿ. ಗುಳಿಗೆ ಡಬ್ಬಿ ಇದ್ದಂತೆಯೇ ಚೀಲಕ್ಕೆ ಹಾಕಿಕೊಳ್ಳಿ, ತಮ್ಮ ನಿಮ್ಮ ಫೋನಿಗೆ ಕಳಿಸಿದ ಚೀಟಿಗಳನ್ನೆಲ್ಲ ತೋರಿಸಿ, ತಪಾಸಣೆ ಹೊತ್ತಿಗೆ ನೀವು ಹೊರಗೆ ಕೂಡಿ. ದುಡ್ಡಿನ ಮಾತು ಬಂದರೆ, ಇನ್ನೊಬ್ಬ ಡಾಕ್ಟರನ್ನೂ ಅವರನ್ನು ಅವಲಂಬಿಸಿದ ಹತ್ತಿರದವರನ್ನೂ ಉಚಿತವಾಗಿ ನೋಡುವುದನ್ನು ವೈದ್ಯರು ಸಂತೋಷವೆಂದು ತಿಳಿಯಬೇಕು ಅಂತ ಅದೇ 2002ರ ನಿಯಮಾವಳಿ ಹೇಳುತ್ತದೆ. ತಮ್ಮನಿಗೆ ಸಿಟ್ಟು ಬಂದೀತು. ನನಗೂ ಗೆಳೆಯನ ಮೇಲೆ ಎರಡು ದಿನ ಬಂದಿತ್ತು.